ಗಡಿ ದಾಟದವರ ಹಕ್ಕು

ಕೇಳುಗರೇ, ನಮಸ್ಕಾರ.

ಊರಿಗೆ ಬೆಂಕಿ ಬಿದ್ದ ರಾತ್ರಿ ಉಟ್ಟ ಬಟ್ಟೆಯಲ್ಲೇ ಓಡಿದವರು ದೇಶದ ಗಡಿ ದಾಟಿದರೆ, 1951ರ ನಿರಾಶ್ರಿತರ ಒಪ್ಪಂದದ ಆಸರೆ ಕೇಳಬಹುದು. ಗಡಿಗೆ ನಾಲ್ಕು ಹೆಜ್ಜೆ ಈಚೆಗೇ ನಿಂತರೆ? ಆ ಒಪ್ಪಂದ ಅವರನ್ನು ಮುಟ್ಟುವುದಿಲ್ಲ. ಕಾನೂನು ಅವರನ್ನು ಆಂತರಿಕ ಸ್ಥಳಾಂತರಿತರು ಎನ್ನುತ್ತದೆ. ಅವರನ್ನು ಕಾಯಬೇಕಾದದ್ದು ಅವರದೇ ಸರ್ಕಾರ. ಎಷ್ಟೋ ಕಡೆ ಕೈಬಿಟ್ಟದ್ದೂ ಅದೇ ಸರ್ಕಾರ, ಕೆಲವೆಡೆ ಓಡಿಸಿದ್ದೂ ಅದೇ.

ಊರು ಬಿಟ್ಟವರು ಪೌರತ್ವವನ್ನೂ ಬಿಟ್ಟು ಬಂದಿರುವುದಿಲ್ಲ. ಇಷ್ಟು ಸರಳ ಮಾತನ್ನು ಬಿಡಿಸಿ ಬರೆಯಲು 1998 ಬರಬೇಕಾಯಿತು. ಸುಡಾನಿನ ರಾಜತಾಂತ್ರಿಕ ಫ್ರಾನ್ಸಿಸ್ ಡೆಂಗ್ ಅವರು ಆ ವರ್ಷ ವಿಶ್ವಸಂಸ್ಥೆಯ ಮುಂದಿಟ್ಟ 30 ಮಾರ್ಗದರ್ಶಿ ತತ್ವಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು 20ನೆಯದು. ಅದು ಕಾಗದಪತ್ರಗಳ ಮಾತು.

ಮಗುವನ್ನು ಶಾಲೆಗೆ ಸೇರಿಸಲು ತಾಯಿ ಬಂದಿದ್ದಾಳೆ ಎನ್ನಿ. "ಜನನ ಪ್ರಮಾಣಪತ್ರ ಎಲ್ಲಮ್ಮಾ?" "ಮನೆಯೇ ಸುಟ್ಟುಹೋಯಿತು ಸ್ವಾಮಿ." "ಹಾಗಾದರೆ ನಿಮ್ಮೂರಿನ ಕಚೇರಿಯಿಂದ ನಕಲು ತನ್ನಿ." ಮನೆ ಸುಟ್ಟವರು ಆ ಊರಲ್ಲೇ ಇದ್ದಾರೆ. 20ನೆಯ ತತ್ವ ತಡೆಯುವುದು ಈ ಕೊನೆಯ ಮಾತನ್ನೇ. ಕಳೆದುಹೋದ ದಾಖಲೆಯನ್ನು ಅಧಿಕಾರಿಗಳು ಮತ್ತೆ ಕೊಡಬೇಕು. ಹಿಂದಿರುಗಿ ಹೋಗಿ ತಾ ಎಂಬಂಥ ಷರತ್ತು ಹಾಕುವಂತಿಲ್ಲ. ಹೆಂಗಸಿಗೆ ಅವಳ ಹೆಸರಿನಲ್ಲೇ ಕೊಡಬೇಕು, ಗಂಡನ ಅಥವಾ ಮೈದುನನ ಕೈಯಲ್ಲಲ್ಲ.

ಇವು ತತ್ವಗಳಷ್ಟೇ, ದೇಶಗಳನ್ನು ಕಟ್ಟಿಹಾಕುವ ಒಪ್ಪಂದವಲ್ಲ. ಆಫ್ರಿಕಾದ ದೇಶಗಳು ಮಾತ್ರ 2009ರಲ್ಲಿ ಕಂಪಾಲಾದಲ್ಲಿ ಒಪ್ಪಂದವನ್ನೇ ಮಾಡಿಕೊಂಡವು. 2012ರಲ್ಲಿ ಅದು ಜಾರಿಗೆ ಬಂತು. ಕೊಲಂಬಿಯಾದಲ್ಲಿ ದಾರಿ ತೋರಿಸಿದ್ದು ನ್ಯಾಯಾಲಯ. ಸ್ಥಳಾಂತರಿತರ ಪಾಡು ಸಂವಿಧಾನಕ್ಕೇ ವಿರುದ್ಧವಾಗಿದೆಯೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2004ರಲ್ಲಿ ಹೇಳಿತು. ಕಳೆದುಕೊಂಡ ನೆಲವನ್ನು ಮರಳಿಸುವ ಅಲ್ಲಿನ 2011ರ ಕಾಯ್ದೆ ಇನ್ನೂ ಮುಂದೆ ಹೋಯಿತು: ತಾನು ಈ ನೆಲದಲ್ಲಿದ್ದೆ, ಹಿಂಸೆಯಿಂದ ಓಡಬೇಕಾಯಿತು ಎಂದು ರೈತ ಮೇಲ್ನೋಟಕ್ಕೆ ತೋರಿಸಿದರೆ ಸಾಕು, ಅದು ಸುಳ್ಳೆಂದು ಸಾಧಿಸುವ ಹೊರೆ ಎದುರಾಳಿಯದು. ಪತ್ರ ಸುಟ್ಟುಹೋದವನಿಂದ ಪತ್ರ ಕೇಳುವ ಕ್ರೌರ್ಯ ಅಷ್ಟರಮಟ್ಟಿಗೆ ತಪ್ಪಿತು.

ಇನ್ನು ಮರಳುವ ವಿಚಾರ. ಇಲ್ಲಿಯೂ ಮಾರ್ಗದರ್ಶಿ ತತ್ವಗಳ ಮಾತು ಸ್ಪಷ್ಟ. ಮರಳುವುದೋ, ಇದ್ದಲ್ಲೇ ನೆಲೆಸುವುದೋ, ಬೇರೆಡೆ ಹೋಗುವುದೋ ಆಯ್ಕೆ ಅವರದು. ಜೀವಕ್ಕೆ ಅಪಾಯವಿರುವ ಜಾಗಕ್ಕೆ ಅಟ್ಟುವಂತಿಲ್ಲ. ಆದರೂ ಶಿಬಿರದ ನಲ್ಲಿ ಒಣಗುತ್ತದೆ, ದಿನಸಿ ನಿಲ್ಲುತ್ತದೆ, ಆಮೇಲೆ ಒಬ್ಬರು ಶಾಯಿಯ ಡಬ್ಬಿ ಹಿಡಿದು ಬರುತ್ತಾರೆ. ತಿಂಗಳುಗಟ್ಟಲೆ ಒಂದು ಕಾಗದಕ್ಕಾಗಿ ಅಲೆದವರ ಮುಂದೆ ಈಗ ಸಿದ್ಧ ಕಾಗದವೊಂದಿದೆ: "ಸ್ವಇಚ್ಛೆಯಿಂದ ಮರಳುತ್ತಿದ್ದೇನೆ." ಹೀಗೆ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ಒಪ್ಪಿಗೆಯೆಂದು ಆ ತತ್ವಗಳು ಎಲ್ಲಿಯೂ ಹೇಳಿಲ್ಲ.

ನಮಸ್ಕಾರ.