ನಿಂತ ರೈಲಿಗೆ ಎ, ಪೆನ್ನಿನ ಅಂಗಡಿಗೆ ಇ

ಕೇಳುಗರಿಗೆ ನಮಸ್ಕಾರ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳೇ, ಪೆನ್ನು ಹಾಳೆ ಹತ್ತಿರ ಇಟ್ಟುಕೊಳ್ಳಿ. ಇವತ್ತಿನ ಮಾತು ಸ್ಟೇಷನರಿ ಅನ್ನುವ ಪದದ್ದು. ಒಂದು ಪದ ಅಲ್ಲ, ಎರಡು. ಕಿವಿಗೆ ಒಂದೇ, ಕನ್ನಡದಲ್ಲಿ ಬರೆದರೂ ಒಂದೇ. ಇಂಗ್ಲಿಷಿನಲ್ಲಿ ಮಾತ್ರ ಒಂದರ ಕೊನೆಗೆ 'ಎ ಆರ್ ವೈ', ಇನ್ನೊಂದರ ಕೊನೆಗೆ 'ಇ ಆರ್ ವೈ'. 'ಎ' ಇದ್ದರೆ ನಿಂತಲ್ಲೇ ನಿಂತದ್ದು. 'ಇ' ಇದ್ದರೆ ಪೆನ್ನು, ಪೇಪರು, ಕವರು. ಇಷ್ಟೇ ವಿಷಯ. ಆದರೂ ಉತ್ತರಪತ್ರಿಕೆಯಲ್ಲಿ ನಿಂತ ರೈಲಿಗೆ 'ಇ' ಹಾಕಿ, ಅದನ್ನು ಪೆನ್ಸಿಲ್ಲು ರಬ್ಬರುಗಳ ಸಾಲಿಗೆ ಸೇರಿಸಿಬಿಡುತ್ತೀರಿ!

ಇಷ್ಟು ಹೋಲಿಕೆ ಯಾಕೆ ಬಂತು ಗೊತ್ತೇ? ಮಧ್ಯಯುಗದ ಯೂರೋಪಿಗೆ ಬನ್ನಿ. ಅಚ್ಚಿನ ಯಂತ್ರ ಇನ್ನೂ ಇಲ್ಲ, ಪುಸ್ತಕವೆಲ್ಲ ಕೈಬರಹ. ಗಂಟು ಹೊತ್ತು ಊರೂರು ತಿರುಗುವ ವ್ಯಾಪಾರಿಗಳೇ ಬಹಳ. ಪುಸ್ತಕದವನು ಹಾಗಲ್ಲ. ಪ್ಯಾರಿಸ್, ಬೊಲೋನ್ಯಾದಂಥ ಕಡೆ ವಿಶ್ವವಿದ್ಯಾಲಯದ ಆಸುಪಾಸಿನಲ್ಲೇ ಅಂಗಡಿ ಹಾಕಿ ಕೂತ. ಪಠ್ಯದ ಮೂಲಪ್ರತಿಯನ್ನು ಬಿಡಿ ಕಂತೆಗಳಾಗಿ ಮಾಡಿ ಬಾಡಿಗೆಗೆ ಕೊಡುತ್ತಿದ್ದ. ಒಂದು ಕಂತೆ ಒಯ್ಯಬೇಕು, ನಕಲು ಮಾಡಿಕೊಳ್ಳಬೇಕು, ವಾಪಸು ಕೊಟ್ಟು ಮುಂದಿನದನ್ನು ಒಯ್ಯಬೇಕು. ನಮ್ಮ ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯವನ ಮುತ್ತಜ್ಜ ಅವನು! ಹೀಗೆ ಒಂದೇ ಕಡೆ ನೆಲೆನಿಂತದ್ದಕ್ಕೇ ಅವನಿಗೆ ಲ್ಯಾಟಿನ್ ಮೂಲದಿಂದ ಸ್ಟೇಷನರ್ ಅನ್ನುವ ಹೆಸರು. ಲಂಡನ್ನಿನಲ್ಲಿ ಇವರ ಸಂಘ 1403ರಲ್ಲೇ ಹುಟ್ಟಿತು, 1557ರಲ್ಲಿ ಅದಕ್ಕೆ ರಾಜಸನದೂ ಸಿಕ್ಕಿತು. ಬರುಬರುತ್ತಾ ಪುಸ್ತಕದ ವ್ಯಾಪಾರ ಬೇರೆಯಾಯಿತು, ಹೆಸರು ಕಾಗದ, ಶಾಯಿ ಮಾರುವವನಿಗೆ ಉಳಿಯಿತು. ಸ್ಟೇಷನರ್ ಬರೆದರೆ ಕೊನೆಗೆ 'ಇ ಆರ್' ತಾನೇ? ಅವನ ಸಾಮಾನಿಗೂ ಅದೇ 'ಇ'. ಬೇಕರ್‌ನಿಂದ ಬೇಕರಿ ಆಗಲಿಲ್ಲವೇ, ಹಾಗೆ. ಬೇಕರಿ ಬೋರ್ಡಿನಲ್ಲಿ ಯಾರೂ 'ಎ ಆರ್ ವೈ' ಬರೆಸುವುದಿಲ್ಲವಲ್ಲ!

ಕಥೆಯಲ್ಲೇ ಹೊತ್ತು ಹೋಯಿತು. ಹೀಗೇ ಕಿವಿಗೆ ಒಂದೇ ಆಗಿ ಕೇಳುವ ಪ್ರಿನ್ಸಿಪಲ್ ಅನ್ನುವ ಪದಗಳ ಜೋಡಿಯನ್ನೂ ಹೇಳಬೇಕೆಂದಿದ್ದೆ, ಇನ್ನೊಮ್ಮೆ ನೋಡೋಣ. ವಿಜ್ಞಾನದ ಮಕ್ಕಳಿಗೆ ಒಂದೇ ಮಾತು. ಹಾಸನದ ಇಸ್ರೋ ಕೇಂದ್ರದವರು ನೋಡಿಕೊಳ್ಳುವ ಜಿಯೋಸ್ಟೇಷನರಿ ಉಪಗ್ರಹಗಳಿವೆಯಲ್ಲ, ಅವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತನ್ನ ಸುತ್ತ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಬರುತ್ತವೆ. ಅದಕ್ಕೇ ನಮ್ಮ ಕಣ್ಣಿಗೆ ನಿಂತ ಹಾಗೆ. ತಾರಸಿಯ ಮೇಲಿನ ಡಿಶ್ಶನ್ನು ನೀವು ದಿನಾ ತಿರುಗಿಸುತ್ತಾ ಕೂರಬೇಕಿಲ್ಲ. ನಿಂತದ್ದು ಅಂದಮೇಲೆ ಯಾವ ಅಕ್ಷರ? 'ಎ'. ದಯವಿಟ್ಟು 'ಎ' ಬರೆಯಿರಿ. ನಮಸ್ಕಾರ.