ಅಕಿಲೀಸನ ಹಿಮ್ಮಡಿ ಹೋಮರ್‌ಗೆ ಗೊತ್ತೇ ಇರಲಿಲ್ವಾ?

"ಇಡೀ ಇಲಿಯಡ್ ಓದಿದೆ ಸಾರ್, ಅಕಿಲೀಸನ ಹಿಮ್ಮಡಿಗೆ ಬಾಣ ಬೀಳೋದು ಯಾವ ಪುಟದಲ್ಲಿದೆ?" ಹಳೆಯ ವಿಡಿಯೋ ಒಂದರ ಕೆಳಗೆ ಬಂದ ಪ್ರಶ್ನೆ. ಇಲಿಯಡ್ ಅಂದರೆ ಟ್ರಾಯ್ ಯುದ್ಧದ ಬಗ್ಗೆ ಗ್ರೀಕ್ ಕವಿ ಹೋಮರನ ಮಹಾಕಾವ್ಯ, ಅಕಿಲೀಸ್ ಅದರ ದೊಡ್ಡ ಗ್ರೀಕ್ ವೀರ. ಯಾವ ಪುಟದಲ್ಲೂ ಇಲ್ಲ! ಅವನು ಅದರಲ್ಲಿ ಸಾಯುವುದೇ ಇಲ್ಲ. ಸುಮಾರು 15,700 ಸಾಲು ದಾಟಿ ಕೊನೆಗೆ ನಡೆಯುವುದು ಟ್ರಾಯ್‌ನ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆ.

ನಮಗೆಲ್ಲ ಗೊತ್ತಿರುವ ಕಥೆ ಬೇಗ ಮುಗಿಸುತ್ತೇನೆ. ಮೈಗೆ ಯಾವ ಆಯುಧವೂ ತಾಗದಿರಲಿ ಎಂದು ತಾಯಿ ಥೆಟಿಸ್ ಮಗು ಅಕಿಲೀಸನನ್ನು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು. ಹಿಡಿದುಕೊಂಡಿದ್ದ ಹಿಮ್ಮಡಿ ಒದ್ದೆಯಾಗಲಿಲ್ಲ. ಹೆಕ್ಟರನ ತಮ್ಮ ಪ್ಯಾರಿಸನ ಬಾಣ ಅಲ್ಲಿಗೇ ಬಿತ್ತು. ನಮ್ಮ ದುರ್ಯೋಧನನ ತೊಡೆ ಥರ, ಅಲ್ವಾ?

ಈಗ ಇಲಿಯಡ್‌ನ 21ನೇ ಸರ್ಗಕ್ಕೆ ಬನ್ನಿ. ನನಗೆ ತುಂಬ ಇಷ್ಟದ ಜಾಗ, ಸ್ವಲ್ಪ ಎಳೆದರೆ ಬೈಯಬೇಡಿ. ನದಿಯ ದಡ. ಅಕಿಲೀಸನ ಎದುರಿಗೆ ಟ್ರಾಯ್ ಕಡೆಯ ಅಸ್ಟೆರೊಪಯಸ್. ಎಡಗೈ, ಬಲಗೈ ಎರಡೂ ಒಂದೇ ಸಮ ಆಡುವ ಆಸಾಮಿ. ಎರಡು ಈಟಿ ಒಟ್ಟಿಗೇ ಎಸೆಯುತ್ತಾನೆ. ಒಂದು ಗುರಾಣಿಗೆ ಬಡಿದು ನಿಲ್ಲುತ್ತದೆ. ಇನ್ನೊಂದು ಅಕಿಲೀಸನ ಬಲಗೈ ಸವರಿಕೊಂಡು ಹೋಗಿ ನೆಲಕ್ಕೆ ನಾಟುತ್ತದೆ. ಕಪ್ಪು ರಕ್ತ ಚಿಮ್ಮುತ್ತದೆ. ರಕ್ತ! ಅದೂ ಕೈಯಿಂದ!

ಅಕಿಲೀಸ್ ತಿರುಗಿ ಎಸೆದ ಈಟಿ ಗುರಿ ತಪ್ಪಿ ದಡದ ಮಣ್ಣಲ್ಲಿ ಅರ್ಧದವರೆಗೆ ಹೂತುಕೊಳ್ಳುತ್ತದೆ. ಅಸ್ಟೆರೊಪಯಸ್ ಅದನ್ನು ಕೀಳಲು ನೋಡುತ್ತಾನೆ. ಒಂದು ಸಲ, ಎರಡು, ಮೂರು. ಊಹೂಂ. ನಾಲ್ಕನೇ ಸಲ ಬಗ್ಗಿಸಿ ಮುರಿಯಲು ಹೊರಡುವಷ್ಟರಲ್ಲಿ ಅಕಿಲೀಸನ ಕತ್ತಿ ಹೊಟ್ಟೆಗೇ ಬರುತ್ತದೆ.

ಇನ್ನೊಂದು ವಿಷಯ. ಮೈಗೆ ಏನೂ ತಾಗದವನಿಗೆ ಕವಚ ಯಾಕೆ? ಅವನ ಕವಚ ತೊಟ್ಟು ಹೋದ ಗೆಳೆಯ ಪಟ್ರೊಕ್ಲಸ್ ಸಾಯುತ್ತಾನೆ, ಕವಚ ಹೆಕ್ಟರನ ಪಾಲಾಗುತ್ತದೆ. ಹೊಸದು ಬರುವ ತನಕ ಯುದ್ಧಕ್ಕೆ ಇಳಿಯಬೇಡ ಎಂದು ಹೇಳಿ ತಾಯಿ ಥೆಟಿಸ್, ದೇವತೆಗಳ ಕಮ್ಮಾರ ಹೆಫೈಸ್ಟಸ್ ಹತ್ತಿರ ಓಡುತ್ತಾಳೆ. ಬರೀ ಹಿಮ್ಮಡಿಯ ಚಿಂತೆಯಾಗಿದ್ದರೆ ಒಂದು ಜೊತೆ ಗಟ್ಟಿ ಬೂಟು ಸಾಕಿತ್ತು!

ಹಾಗಾದರೆ ಈ ಕಥೆ ಎಲ್ಲಿಂದ ಬಂತು? ಟೈಮ್ ಆಗ್ತಿದೆ, ಚುಟುಕಾಗಿ ಹೇಳುತ್ತೇನೆ. ಕ್ರಿ.ಪೂ. 3ನೇ ಶತಮಾನದ ಗ್ರೀಕ್ ಕವಿ ಅಪೊಲೋನಿಯಸ್ ಪ್ರಕಾರ ತಾಯಿ ಮಗುವನ್ನು ಇಟ್ಟಿದ್ದು ಬೆಂಕಿಯಲ್ಲಿ, ನದಿಯಲ್ಲಲ್ಲ. ಸ್ಟಿಕ್ಸ್ ಸ್ನಾನ ನಮಗೆ ಮೊದಲು ಸಿಗುವುದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ, ಅದೂ ಲ್ಯಾಟಿನ್‌ನಲ್ಲಿ. ಹೋಮರ್ ಆಗಿ ಸುಮಾರು 800 ವರ್ಷದ ಮೇಲೆ. ಹೋಮರ್ ಅಕಿಲೀಸನನ್ನು ಮತ್ತೆ ಮತ್ತೆ ಕರೆದದ್ದು 'ವೇಗದ ಕಾಲಿನವನು' ಎಂದು. ಜನ ಆ ಕಾಲಿಗೇ ಗಂಟುಬಿದ್ದರು ನೋಡಿ.

ಅಂದಹಾಗೆ, ಗ್ರೀಕರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆಯೂ ಇಲಿಯಡ್‌ನಲ್ಲಿಲ್ಲ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯ 8ನೇ ಸರ್ಗದಲ್ಲಿ ಡೆಮೊಡೊಕಸ್ ಎಂಬ ಕುರುಡು ಹಾಡುಗಾರ ಅದನ್ನು ಹಾಡುತ್ತಾನೆ. ಆ ಕುದುರೆ ಹೊಟ್ಟೆಯಲ್ಲಿ ಕೂತಿದ್ದ ಗ್ರೀಕ್ ವೀರ ಒಡಿಸ್ಯೂಸ್ ಈಗ ಯಾರೆಂದು ಹೇಳಿಕೊಳ್ಳದೆ ಸಭೆಯಲ್ಲಿದ್ದಾನೆ. ಹಾಡು ಕೇಳುತ್ತಾ ಅಳುತ್ತಾನೆ.