ಗೇಮ್‌ಗೆ ದನಿ ಕೊಡುವ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮ್‌ಗೆ ದನಿ ಕೊಡಬೇಕು, ಎಲ್ಲಿಂದ ಶುರು ಮಾಡೋದು ಅಂತ ಕೇಳುವ ಮಕ್ಕಳು ಹಾಸನದಲ್ಲೂ ಇದ್ದಾರೆ, ಸಕಲೇಶಪುರ, ಮೂಡಿಗೆರೆ ಕಡೆಯೂ ಇದ್ದಾರೆ. "ನನ್ನ ಕಂಠ ಚೆನ್ನಾಗಿದೆ ಅಂತಾರೆ" ಅನ್ನೋದು ಅವರ ಮೊದಲ ಮಾತು. ಸಂತೋಷ. ಆದರೆ ಈ ಕೆಲಸಕ್ಕೆ ಕಂಠಕ್ಕಿಂತ ಜಾಸ್ತಿ ಬೇಕಾಗಿರೋದು ಅಭಿನಯ.

ಸಿನಿಮಾ ಡಬ್ಬಿಂಗ್‌ನಲ್ಲಿ ಎದುರಿಗೆ ಪರದೆ ಇರುತ್ತದೆ, ತುಟಿ ನೋಡಿಕೊಂಡು ಮಾತಾಡಬಹುದು. ಗೇಮ್‌ನಲ್ಲಿ ಎಷ್ಟೋ ಸಲ ಚಿತ್ರವೇ ಇರುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಸಾಲು ಸಾಲು ಮಾತು, ಅಷ್ಟೇ. ಮುಂದೇನಾಗುತ್ತೆ ಅನ್ನೋದು ಆಡುವವರ ಕೈಯಲ್ಲಿರುತ್ತದಲ್ವಾ? ಗೆದ್ದರೆ ಒಂದು ಮಾತು, ಸೋತರೆ ಇನ್ನೊಂದು. ಎರಡನ್ನೂ ಒಬ್ಬರೇ ನಿಂತು ಹೇಳಿ ಬರಬೇಕು.

"ಹಿಂದೆ ನೋಡು" ಅನ್ನೋ ಮಾತನ್ನೇ ತಗೊಳ್ಳಿ. ಪೊದೆಯೊಳಗೆ ಪಕ್ಕದಲ್ಲೇ ಅಡಗಿರುವ ಗೆಳೆಯನಿಗಾದರೆ ಬರೀ ಉಸಿರಲ್ಲಿ... ಹಿಂದೆ ನೋಡು. ಗದ್ದೆಯ ಆ ಬದಿಯಲ್ಲಿ ನಿಂತವನಿಗಾದರೆ ಹೊಟ್ಟೆಯಿಂದ ಬರಬೇಕು: ಹಿಂದೆ ನೋಡೋ! ಏಟು ತಿಂದು ಬಿದ್ದವನಿಗೆ "ಹಿಂದೆ" ಅನ್ನುವಷ್ಟರಲ್ಲೇ ಉಸಿರು ಮುಗಿದಿರುತ್ತದೆ. ಊರ ಹಬ್ಬದ ನಾಟಕದಲ್ಲಿ ಪಾತ್ರ ಮಾಡಿದವರಿಗೆ ಇದು ಬೇಗ ಒಗ್ಗುತ್ತದೆ. ದೂತನ ಪಾತ್ರ ಸಿಕ್ಕರೂ ಬಿಡಬೇಡಿ.

ಗಂಟಲ ಬಗ್ಗೆ ಹೇಳಲೇಬೇಕು. ಏಟು ತಿನ್ನುವ, ಬೀಳುವ, ಸಾಯುವ ಸದ್ದೆಲ್ಲ ನಾವೇ ಮಾಡಬೇಕು, ಅದೂ ಮತ್ತೆ ಮತ್ತೆ. 2016ರಲ್ಲಿ ಅಮೆರಿಕದ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ, ಗಂಟಲಿಗೆ ಬೀಳುವ ಈ ಹೊರೆಯ ದೂರೂ ಅದರಲ್ಲಿತ್ತು. ಕಿರುಚಾಟವನ್ನೆಲ್ಲ ರೆಕಾರ್ಡಿಂಗ್‌ನ ಕೊನೆಗೆ ಇಟ್ಟುಕೊಳ್ಳೋಣ ಅಂತ ಸಂಕೋಚವಿಲ್ಲದೆ ಕೇಳಿ. ಮೊದಲೇ ಕಿರುಚಿದರೆ ಉಳಿದ ಮಾತಿಗೆ ದನಿಯೇ ಇರುವುದಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ದೊಡ್ಡ ಖರ್ಚು ಬೇಡ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು, ಅದಕ್ಕೆ ಮುಖ ಮಾಡಿ ಮೈಕು ಹಿಡಿದು ನಿಲ್ಲಿ. ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಡಿ. ದನಿ ಗೋಡೆಗೆ ಬಡಿದು ವಾಪಸ್ ಬರೋದು ಕಮ್ಮಿಯಾಗುತ್ತದೆ. ಫ್ಯಾನು, ಫ್ರಿಜ್ಜು ಆಫ್ ಮಾಡಿ. ನಮ್ಮ ಮಲೆನಾಡಿನ ಮಳೆಗೆ ಮಾತ್ರ ಕಂಬಳಿ ಸಾಲದು. ಶೀಟಿನ ಮನೆಯಾದರೆ ಮಳೆ ಹೊಳವಾಗುವ ಹೊತ್ತು ಕಾಯಲೇಬೇಕು.

ಕನ್ನಡದಲ್ಲಿ ಗೇಮ್ ಕೆಲಸ ಇನ್ನೂ ಕಮ್ಮಿ. ಅದು ಹೆಚ್ಚುವವರೆಗೆ ಬೆಂಗಳೂರಿನ ಡಬ್ಬಿಂಗ್, ಜಾಹೀರಾತು, ಆಡಿಯೋ ಪುಸ್ತಕಗಳಲ್ಲಿ ಕೈ ಪಳಗಿಸಿಕೊಳ್ಳಿ. ಕೆಲಸ ಕೊಡುವವರಿಗೆ ಕೇಳಿಸೋದಕ್ಕೆ ನಿಮ್ಮ ದನಿಯ ಒಂದು, ಒಂದೂವರೆ ನಿಮಿಷದ ಮಾದರಿ ಸಾಕು. ನಿಮ್ಮ ಒಳ್ಳೇ ಪಾತ್ರ ಮೊದಲೇ ಬರಲಿ.

2024ರಲ್ಲಿ ಅಮೆರಿಕದ ಅದೇ ಸಂಘ ಮತ್ತೆ ಮುಷ್ಕರಕ್ಕಿಳಿಯಿತು. ಆ ಸಲ ಕಾರಣ ಎಐ, ಅಂದರೆ ಕಲಾವಿದರ ದನಿಯನ್ನೇ ನಕಲು ಮಾಡಬಲ್ಲ ಕೃತಕ ಬುದ್ಧಿಮತ್ತೆ. ಹಾಗಾಗಿ ಸಹಿ ಹಾಕುವ ಮೊದಲು ಒಪ್ಪಂದವನ್ನು ಪೂರ್ತಿ ಓದಿ. ನಿಮ್ಮ ದನಿಯನ್ನು ಎಐಗೆ ಬಳಸುವ ಮಾತು ಇದ್ದರೆ ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ, ಎಷ್ಟು ದುಡ್ಡಿಗೆ ಅಂತ ಬರೆಸಿಕೊಳ್ಳಿ. ಆಡಿಷನ್‌ಗೇ ದುಡ್ಡು ಕೇಳುವವರ ಕಡೆ ಹೋಗಲೇಬೇಡಿ.

ನಮಸ್ಕಾರ.